ದಿನಕ್ಕೊಂದು ವಿಟಮಿನ್ ಮಾತ್ರೆ: ಯಾರಿಗೆ ಬೇಕು, ಯಾರಿಗೆ ಬೇಡ?



ಗಲ್ಫಿನಿಂದ ಮಗ ರಜೆಯ ಮೇಲೆ ಊರಿಗೆ ಬಂದಿದ್ದಾನೆ. ಪೆಟ್ಟಿಗೆ ಬಿಚ್ಚಿದಾಗ ಸಾಬೂನು, ಸೆಂಟು, ಖರ್ಜೂರ, ಹಾಲಿನ ಪುಡಿಗಳ ನಡುವೆ ಒಂದು ದೊಡ್ಡ ಡಬ್ಬಿ. ಅದರೊಳಗೆ ನೂರೋ ಇನ್ನೂರೋ ವಿಟಮಿನ್ ಮಾತ್ರೆಗಳು. "ಅಪ್ಪಾ, ಅಮ್ಮಾ, ದಿನಕ್ಕೊಂದು ತಪ್ಪದೆ ತಗೊಳ್ಳಿ, ಮೈಗೆ ಶಕ್ತಿ ಬರುತ್ತೆ" ಎನ್ನುತ್ತಾನೆ. ಮಗನ ಪ್ರೀತಿ ದೊಡ್ಡದು. ಡಬ್ಬಿ ಊಟದ ಮೇಜಿನ ಮೇಲೆ ಬಂದವರಿಗೆಲ್ಲ ಕಾಣುವಂತೆ ಕೂರುತ್ತದೆ. ಅದೇ ಮನೆಯಲ್ಲಿ ಐದು ತಿಂಗಳ ಬಸುರಿ ಸೊಸೆಯೂ ಇದ್ದಾಳೆ. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ಕೊಟ್ಟುಹೋದ ಕೆಂಪು ಕಬ್ಬಿಣದ ಮಾತ್ರೆಗಳು ಕಪಾಟಿನ ಮೂಲೆಯಲ್ಲಿ ಬಿದ್ದಿವೆ. ಖಾಲಿಯಾಗಿರುವುದು ನಾಲ್ಕೇ ನಾಲ್ಕು. ಕೇಳಿದರೆ, "ಅದು ತಗೊಂಡರೆ ಹೊಟ್ಟೆ ತೊಳಸುತ್ತೆ ಫಾದರ್. ಮಗು ಕಪ್ಪಾಗುತ್ತೆ ಅಂತಲೂ ಹೇಳ್ತಾರೆ" ಎಂಬ ಉತ್ತರ.

ಮನೆ ಆಶೀರ್ವಾದಕ್ಕೆ, ರೋಗಿಗಳ ಭೇಟಿಗೆ ಹೋಗುವವರಿಗೆ ಈ ಎರಡು ದೃಶ್ಯಗಳು ಒಂದೇ ಸೂರಿನಡಿ ಕಾಣಸಿಗುವುದು ಅಪರೂಪವೇನಲ್ಲ. ಬೇಡವಾದವರು ದುಡ್ಡು ಕೊಟ್ಟು ನುಂಗುತ್ತಾರೆ. ಬೇಕಾದವರು ಉಚಿತವಾಗಿ ಬಂದದ್ದನ್ನೂ ಬಿಡುತ್ತಾರೆ. ದಿನವೂ ವಿಟಮಿನ್ ಮಾತ್ರೆ ತೆಗೆದುಕೊಳ್ಳುವುದು ಒಳ್ಳೆಯದೇ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಲು ಬಾರದು. ಯಾರು, ಯಾವುದನ್ನು, ಯಾವ ಕಾರಣಕ್ಕೆ ಎಂದು ಮೊದಲು ಕೇಳಬೇಕು.

ವಿಟಮಿನ್ ಅಥವಾ ಜೀವಸತ್ವ ಎಂದರೆ ನಮ್ಮ ದೇಹಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಬೇಕಾದ, ಆದರೆ ದೇಹ ತಾನೇ ಸಾಕಷ್ಟು ತಯಾರಿಸಿಕೊಳ್ಳಲಾಗದ ವಸ್ತು. ಇಂಥವು ಒಟ್ಟು 13. (ಬಿಸಿಲು ಬಿದ್ದಾಗ ಚರ್ಮದಲ್ಲಿ ತಯಾರಾಗುವ 'ಡಿ' ಮಾತ್ರ ಇದಕ್ಕೆ ಅಪವಾದದಂತಿದೆ.) ಕಬ್ಬಿಣ, ಸುಣ್ಣ, ಸತು ಇವು ಜೀವಸತ್ವಗಳಲ್ಲ, ಖನಿಜಗಳು, ಆದರೆ ಒಂದೇ ಮಾತ್ರೆಯಲ್ಲಿ ಎಲ್ಲವನ್ನೂ ಸೇರಿಸಿ ಮಾರುವುದರಿಂದ ಇವುಗಳ ಮಾತನ್ನೂ ಇಲ್ಲೇ ಆಡೋಣ.

ಇವುಗಳ ಇರವು ಮನುಷ್ಯನಿಗೆ ತಿಳಿದುಬಂದ ಬಗೆ ಸ್ವಾರಸ್ಯಕರ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಡಚ್ಚರ ಆಳ್ವಿಕೆಯಲ್ಲಿದ್ದ ಜಾವಾ ದ್ವೀಪದಲ್ಲಿ ಬೆರಿಬೆರಿ ಎಂಬ ರೋಗ ಸೈನಿಕರನ್ನೂ ಕೈದಿಗಳನ್ನೂ ಕಾಡುತ್ತಿತ್ತು. ಕಾಲು ಜೋಮು ಹಿಡಿದು, ನಡೆಯಲಾಗದೆ, ಕೊನೆಗೆ ಹೃದಯ ಸೋತು ಜನ ಸಾಯುತ್ತಿದ್ದರು. ಕ್ರಿಸ್ಟಿಯಾನ್ ಐಕ್‌ಮನ್ ಎಂಬ ವೈದ್ಯರು ಬಟಾವಿಯಾದಲ್ಲಿ, ಅಂದರೆ ಈಗಿನ ಜಕಾರ್ತದಲ್ಲಿ, ಈ ರೋಗಕ್ಕೆ ಕಾರಣವಾದ ಕ್ರಿಮಿಯನ್ನು ಹುಡುಕುತ್ತಿದ್ದರು. ಪ್ರಯೋಗಕ್ಕೆಂದು ಸಾಕಿದ್ದ ಕೋಳಿಗಳಿಗೂ ಬೆರಿಬೆರಿಯಂಥದೇ ಕಾಲುಸೋಲು ಕಾಣಿಸಿತು. ಕೆಲವು ತಿಂಗಳ ಬಳಿಕ ಅವು ತಾವಾಗಿಯೇ ಗುಣವಾದವು. ಐಕ್‌ಮನ್ನರು ವಿಚಾರಿಸಿ ನೋಡಿದರೆ ಕಾರಣ ಅಡುಗೆಮನೆಯಲ್ಲಿತ್ತು! ಸೈನಿಕ ಆಸ್ಪತ್ರೆಯಲ್ಲಿ ಉಳಿದ ಬಿಳಿ ಅಕ್ಕಿಯ ಅನ್ನವನ್ನು ಕೋಳಿಗಳಿಗೆ ಹಾಕುತ್ತಿದ್ದರಂತೆ. ಹೊಸದಾಗಿ ಬಂದ ಅಡುಗೆಯವನು, ಸೈನ್ಯದ ಅನ್ನವನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಹಾಕುವುದು ಸರಿಯಲ್ಲವೆಂದು ನಿಲ್ಲಿಸಿಬಿಟ್ಟಿದ್ದ. ಪಾಲಿಶ್ ಮಾಡದ ಅಕ್ಕಿ ತಿಂದ ಕೋಳಿಗಳು ಎದ್ದು ಓಡಾಡಿದವು. ಅಕ್ಕಿಯ ತೌಡಿನಲ್ಲಿ ಏನೋ ಇದೆ, ಅದಿಲ್ಲದಿದ್ದರೆ ರೋಗ ಬರುತ್ತದೆ ಎಂದು 1901ರಲ್ಲಿ ಸ್ಪಷ್ಟವಾಗಿ ಹೇಳಿದವರು ಅವರ ಬಳಿಕ ಅಲ್ಲಿ ಕೆಲಸ ಮಾಡಿದ ಗೆರಿಟ್ ಗ್ರೈನ್ಸ್. ಐಕ್‌ಮನ್ನರಿಗೆ 1929ರಲ್ಲಿ ನೊಬೆಲ್ ಬಹುಮಾನ ಬಂತು. ಆ 'ಏನೋ' ಎಂಬುದೇ ಇಂದಿನ ವಿಟಮಿನ್ ಬಿ1.

ನಮ್ಮ ಕರಾವಳಿಯ ಹಿರಿಯರು ಇದನ್ನೆಲ್ಲ ಓದಿದವರಲ್ಲ. ಆದರೆ ಭತ್ತವನ್ನು ಬೇಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡುವ ಪದ್ಧತಿ ಅವರದು. ಹಾಗೆ ಬೇಯಿಸುವಾಗ ತೌಡಿನಲ್ಲಿರುವ ಬಿ ಜೀವಸತ್ವ ಕಾಳಿನ ಒಳಕ್ಕೆ ಇಳಿಯುತ್ತದೆ. ಬಳಿಕ ಎಷ್ಟು ಕುಟ್ಟಿದರೂ ಪೂರ್ತಿ ಹೋಗುವುದಿಲ್ಲ. ಬೆಳ್ತಿಗೆ ಅಕ್ಕಿಯನ್ನೇ ಹೆಚ್ಚಾಗಿ ಉಣ್ಣುತ್ತಿದ್ದ ಆಂಧ್ರದ ಕರಾವಳಿಯಲ್ಲಿ ಒಂದು ಕಾಲಕ್ಕೆ ಬೆರಿಬೆರಿ ಬೀಡುಬಿಟ್ಟಿತ್ತು. ಕುಚ್ಚಲಕ್ಕಿ ಉಣ್ಣುವ ಕಡೆ ಅದರ ಕಾಟ ಕಡಿಮೆ. ಗಂಜಿಯೂಟವನ್ನು ಬಡವರ ಊಟವೆಂದು ಮೂಗು ಮುರಿಯುವವರು ಇದನ್ನು ಗಮನಿಸಬೇಕು.

ಇನ್ನೊಂದು ಕತೆ ನಮ್ಮ ದೇಶದ್ದೇ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದರು. ಅಲ್ಲಿನ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರು ತೀವ್ರ ರಕ್ತಹೀನತೆಯಿಂದ ಸಾಯುತ್ತಿದ್ದರು. ಯೀಸ್ಟಿನ ಸಾರದಿಂದ ಮಾಡಿದ, ಬ್ರೆಡ್ಡಿಗೆ ಹಚ್ಚಿಕೊಳ್ಳುವ ಅಗ್ಗದ ಮಾರ್ಮೈಟ್ ಕೊಟ್ಟಾಗ ಅವರು ಚೇತರಿಸಿಕೊಂಡರು. 1931ರಲ್ಲಿ ವಿಲ್ಸ್ ಇದನ್ನು ಪ್ರಕಟಿಸಿದರು. ಆ ಸಾರದೊಳಗಿನ ಗುಣಕಾರಿ ವಸ್ತುವಿಗೆ ಫೋಲಿಕ್ ಆಮ್ಲ ಎಂಬ ಹೆಸರು ಬಂದದ್ದು ಆಮೇಲೆ. 1945ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ ಅಮೆರಿಕದ ತಂಡದ ಮುಖ್ಯಸ್ಥರು ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್.

ಈ ಕತೆಗಳನ್ನು ವಿವರವಾಗಿ ಹೇಳಲು ಕಾರಣವಿದೆ. ಎರಡರಲ್ಲೂ ಜೀವಸತ್ವ ಪವಾಡದಂತೆ ಕೆಲಸ ಮಾಡಿದೆ. ಆದರೆ ಎಲ್ಲಿ? ಅದು ಇಲ್ಲದೆ ನರಳುತ್ತಿದ್ದವರಲ್ಲಿ. ಇದನ್ನು ಕೇಳಿದ ಮನಸ್ಸು ಮುಂದಕ್ಕೆ ಜಿಗಿಯುತ್ತದೆ: ಕೊರತೆಯಿದ್ದವನಿಗೆ ಕೊಟ್ಟರೆ ಇಷ್ಟು ಗುಣವಾದರೆ, ಕೊರತೆಯಿಲ್ಲದವನಿಗೆ ಕೊಟ್ಟರೆ ಇನ್ನೂ ಎಷ್ಟು ಬಲ ಬಂದೀತು! ಗುರುಮಠದಲ್ಲಿ ತತ್ವಶಾಸ್ತ್ರದ ಮೊದಲ ವರ್ಷವೇ ಇಂಥ ಜಿಗಿತವನ್ನು ತಪ್ಪು ತರ್ಕವೆಂದು ಕಲಿಸುತ್ತಾರೆ. ಒಣಗಿದ ಗಿಡಕ್ಕೆ ನೀರು ಹೊಯ್ದರೆ ಚಿಗುರುತ್ತದೆ. ಆಷಾಢದ ಮಳೆಯಲ್ಲಿ ನಿಂತ ಗಿಡಕ್ಕೆ ಹೊಯ್ದರೆ ಬೇರು ಕೊಳೆಯುತ್ತದೆ.

ಈ ತಪ್ಪನ್ನು ಮಾಡಿದವರು ಸಾಮಾನ್ಯರಷ್ಟೇ ಅಲ್ಲ. ರಸಾಯನಶಾಸ್ತ್ರಕ್ಕೆ 1954ರಲ್ಲಿ, ಶಾಂತಿಗಾಗಿ 1962ರಲ್ಲಿ, ಹೀಗೆ ಎರಡು ನೊಬೆಲ್ ಬಹುಮಾನ ಪಡೆದ ಲೈನಸ್ ಪಾಲಿಂಗ್ 1970ರಲ್ಲಿ ಒಂದು ಪುಸ್ತಕ ಬರೆದು, ವಿಟಮಿನ್ ಸಿ ಯನ್ನು ಬಹಳ ದೊಡ್ಡ ಪ್ರಮಾಣದಲ್ಲಿ ತೆಗೆದುಕೊಂಡರೆ ನೆಗಡಿ ತಡೆಯಬಹುದೆಂದರು. ಅಷ್ಟು ದೊಡ್ಡವರು ಹೇಳಿದ ಮೇಲೆ ಕೇಳಬೇಕೆ? ಅಮೆರಿಕದಲ್ಲಿ ಅಂಗಡಿಗಳು ಖಾಲಿಯಾದವು. ಮುಂದೆ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ದಿನವೂ ಸಿ ನುಂಗುವ ಸಾಮಾನ್ಯ ಜನರಿಗೆ ನೆಗಡಿ ಬರುವುದು ಕಡಿಮೆಯಾಗಲಿಲ್ಲ. ಬಂದ ನೆಗಡಿ ದೊಡ್ಡವರಲ್ಲಿ ಶೇಕಡಾ 8ರಷ್ಟು ಬೇಗ ಹೋಯಿತು, ಅಷ್ಟೇ. ಐದು ದಿನದ ನೆಗಡಿಯಾದರೆ ಅರ್ಧ ದಿನವೂ ಇಲ್ಲ. ಮ್ಯಾರಥಾನ್ ಓಟಗಾರರು, ಕೊರೆಯುವ ಚಳಿಯಲ್ಲಿ ದುಡಿಯುವ ಸೈನಿಕರು ಇಂಥವರಿಗೆ ಮಾತ್ರ ಲಾಭ ಹೆಚ್ಚಾಗಿ ಕಂಡಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಂತೆ ದೊಡ್ಡವರಿಗೆ ದಿನಕ್ಕೆ ಬೇಕಾದ ಸಿ ಗಂಡಸರಿಗೆ 80, ಹೆಂಗಸರಿಗೆ 65 ಮಿಲಿಗ್ರಾಂ. ಹಿತ್ತಲಿನ ಒಂದು ಪೇರಲೆ ಹಣ್ಣು ಅದನ್ನು ಪೂರೈಸಿ ಮಿಗಿಸುತ್ತದೆ.

ನೆಗಡಿಯ ವಿಷಯ ಹೇಗೂ ಇರಲಿ, ಅದರಿಂದ ಯಾರೂ ಸಾಯಲಿಲ್ಲ. ಫಿನ್ಲೆಂಡಿನಲ್ಲಿ ಆದದ್ದು ಹಾಗಲ್ಲ. ಕ್ಯಾರೆಟ್, ಸೊಪ್ಪು, ಹಳದಿ ಹಣ್ಣುಗಳನ್ನು ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಗಮನಿಸಿದ್ದ ವಿಜ್ಞಾನಿಗಳು, ಅವುಗಳಲ್ಲಿರುವ ಬೀಟಾ ಕ್ಯಾರೋಟಿನ್ (ದೇಹ ಇದನ್ನು ವಿಟಮಿನ್ ಎ ಆಗಿ ಮಾರ್ಪಡಿಸುತ್ತದೆ) ಇದಕ್ಕೆ ಕಾರಣವಿರಬೇಕೆಂದು ಊಹಿಸಿದರು. ಸಿಗರೇಟು ಸೇದುವ 29,133 ಗಂಡಸರನ್ನು ಆರಿಸಿ, ಕೆಲವರಿಗೆ ನಿಜವಾದ ಮಾತ್ರೆ, ಕೆಲವರಿಗೆ ಏನೂ ಇಲ್ಲದ ಮಾತ್ರೆ ಕೊಟ್ಟು ಐದರಿಂದ ಎಂಟು ವರ್ಷ ಕಾದರು. 1994ರಲ್ಲಿ ಫಲಿತಾಂಶ ಬಂತು. ಬೀಟಾ ಕ್ಯಾರೋಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚು! ಅಮೆರಿಕದಲ್ಲಿ ಇಂಥದೇ ಇನ್ನೊಂದು ಪರೀಕ್ಷೆ ನಡೆಯುತ್ತಿತ್ತು. ಅಲ್ಲಿಯೂ ಶೇಕಡಾ 28ರಷ್ಟು ಹೆಚ್ಚು ಕಂಡು 1996ರಲ್ಲಿ ಅದನ್ನು ಅರ್ಧಕ್ಕೆ ನಿಲ್ಲಿಸಬೇಕಾಯಿತು. ಕ್ಯಾರೆಟ್ ತಿಂದರೆ ಅಪಾಯವೆಂದು ಇದರ ಅರ್ಥವಲ್ಲ. ಕ್ಯಾರೆಟ್ಟಿನಲ್ಲಿರುವ ನೂರು ವಸ್ತುಗಳಲ್ಲಿ ಒಂದನ್ನು ಬೇರ್ಪಡಿಸಿ, ದೊಡ್ಡ ಪ್ರಮಾಣದಲ್ಲಿ, ಹೊಗೆಯಿಂದ ಕೆಟ್ಟ ಶ್ವಾಸಕೋಶದವರಿಗೆ ಕೊಟ್ಟರೆ ಅದು ಕ್ಯಾರೆಟ್ಟಿನಂತೆ ವರ್ತಿಸುವುದಿಲ್ಲ. ಬೀಡಿ, ಸಿಗರೇಟು ಸೇದುವವರು ಇಂಥ ಮಾತ್ರೆಯನ್ನು ಮುಟ್ಟಲೇಬಾರದು. ವಿಟಮಿನ್ ಇ ಯ ಕತೆಯೂ ಬೇರೆಯಲ್ಲ: 35,533 ಗಂಡಸರ ಮೇಲಿನ ಪರೀಕ್ಷೆಯಲ್ಲಿ, ದೊಡ್ಡ ಪ್ರಮಾಣದಲ್ಲಿ ಅದನ್ನು ತೆಗೆದುಕೊಂಡವರಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಶೇಕಡಾ 17ರಷ್ಟು ಹೆಚ್ಚಾಯಿತೆಂದು 2011ರಲ್ಲಿ ತಿಳಿದುಬಂತು.

ಹಾಗಾದರೆ ಗಲ್ಫಿನಿಂದ ಬಂದ ಆ ಡಬ್ಬಿ? ಅದರಲ್ಲಿರುವುದು ಸಾಮಾನ್ಯವಾಗಿ ಎಲ್ಲ ಜೀವಸತ್ವಗಳೂ ಸ್ವಲ್ಪ ಸ್ವಲ್ಪ ಸೇರಿದ ಮಲ್ಟಿವಿಟಮಿನ್. ಅಮೆರಿಕದಲ್ಲಿ ಐವತ್ತು ದಾಟಿದ 14,641 ಪುರುಷ ವೈದ್ಯರು ಹನ್ನೊಂದು ವರ್ಷಕ್ಕೂ ಮಿಕ್ಕಿ ಇಂಥ ಮಾತ್ರೆಯ ಪರೀಕ್ಷೆಗೆ ಒಳಗಾದರು. 2012ರಲ್ಲಿ ಬಂದ ಫಲಿತಾಂಶದಂತೆ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಕ್ಯಾನ್ಸರ್ ಮಾತ್ರ ಶೇಕಡಾ 8ರಷ್ಟು ಕಡಿಮೆ. 2024ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಆರೋಗ್ಯವಂತರಾಗಿದ್ದ 3,90,124 ಅಮೆರಿಕನ್ನರನ್ನು ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಗಮನಿಸಿ, ದಿನವೂ ಮಲ್ಟಿವಿಟಮಿನ್ ನುಂಗಿದವರು ನುಂಗದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲವೆಂದು ಕಂಡಿತು. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು: ಅರವತ್ತು ದಾಟಿದವರ ನೆನಪಿನ ಶಕ್ತಿಗೆ ಇದರಿಂದ ತುಸು ಸಹಾಯವಾದೀತೆಂದು 2022ರಿಂದೀಚೆಗಿನ ಕೆಲವು ಪರೀಕ್ಷೆಗಳು ತೋರಿಸಿವೆ. ಆದ್ದರಿಂದ ಇದನ್ನು ವಿಷವೆನ್ನಬೇಕಿಲ್ಲ, ಅಮೃತವೆನ್ನುವುದೂ ಬೇಡ. ದಿನಕ್ಕೆರಡು ಹೊತ್ತು ಅನ್ನ, ಸಾರು, ಮೀನು, ಪಲ್ಯ, ಹಾಲು, ಹಣ್ಣು ಉಣ್ಣುವ ಅಪ್ಪನಿಗೆ ಅದರಿಂದ ಕಣ್ಣಿಗೆ ಕಾಣುವ ಬದಲಾವಣೆ ಒಂದೇ: ಮೂತ್ರ ಗಾಢ ಹಳದಿಯಾಗುತ್ತದೆ. ಹೆಚ್ಚಾದ ಬಿ2 ಹಾಗೆ ಹೊರಗೆ ಹೋಗುತ್ತದೆ.

"ಆದರೆ ಮಾತ್ರೆ ಶುರುಮಾಡಿದ ಮೇಲೆ ನನಗೆ ಸುಸ್ತು ಕಡಿಮೆಯಾಗಿದೆಯಲ್ಲ?" ಎಂದು ನೀವು ಕೇಳಬಹುದು. ಮಗ ರಜೆಗೆ ಬಂದದ್ದೂ ಆಗಲೇ ಅಲ್ಲವೇ? ಒಂದರ ಹಿಂದೆ ಒಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದಿಲ್ಲ. ನಗುವ ಮಾತಲ್ಲ ಇದು. ಸುಸ್ತಿಗೆ ರಕ್ತಹೀನತೆ, ಸಕ್ಕರೆ ಕಾಯಿಲೆ, ಥೈರಾಯ್ಡ್, ಕ್ಷಯ, ಮನಸ್ಸಿನ ಖಿನ್ನತೆ ಹೀಗೆ ಹತ್ತಾರು ಕಾರಣಗಳಿವೆ. ಟಾನಿಕ್ ಕುಡಿಯುತ್ತಾ ಆರು ತಿಂಗಳು ಕಳೆದರೆ ರೋಗ ಒಳಗೊಳಗೇ ಆರು ತಿಂಗಳು ಬೆಳೆಯುತ್ತದೆ.

ಈಗ ಕಪಾಟಿನ ಮೂಲೆಯಲ್ಲಿರುವ ಕೆಂಪು ಮಾತ್ರೆಗೆ ಬರೋಣ. ಈ ಲೇಖನದಲ್ಲಿ ಒಂದೇ ಭಾಗವನ್ನು ಓದುವಷ್ಟು ಸಮಯ ನಿಮಗಿದ್ದರೆ ಇದನ್ನೇ ಓದಿ; ಮನೆಯ ಹೆಣ್ಣುಮಕ್ಕಳಿಗೂ ಓದಿ ಹೇಳಿ.

2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 57 ಮಂದಿ ರಕ್ತಹೀನರು. ಇದು ಅಮೆರಿಕದ ವೈದ್ಯರ ಕತೆಯಲ್ಲ. ಇಲ್ಲಿ ಕೊರತೆ ನಿಜವಾಗಿಯೂ ಇದೆ. ಬಸುರಿಗೆ ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯ ಬಳಿಕ ಇನ್ನೂ 180 ದಿನ ಸರಕಾರ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಪೂರ್ತಿ 180 ದಿನ ಅದನ್ನು ತೆಗೆದುಕೊಂಡ ತಾಯಂದಿರು ಅದೇ ಸಮೀಕ್ಷೆಯ ಪ್ರಕಾರ ಶೇಕಡಾ 26 ಮಾತ್ರ. ರಕ್ತ ಕಡಿಮೆಯಿರುವ ಹೆಣ್ಣಿಗೆ ಹೆರಿಗೆಯಲ್ಲಿ ರಕ್ತಸ್ರಾವವಾದರೆ ತಾಳಿಕೊಳ್ಳುವ ಶಕ್ತಿ ಇರುವುದಿಲ್ಲ. ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಗು ಕಪ್ಪಾಗುವುದಿಲ್ಲ. ಮಗುವಿನ ಬಣ್ಣ ತಂದೆ ತಾಯಿಯಿಂದ ಬರುತ್ತದೆ, ಮಾತ್ರೆಯಿಂದಲ್ಲ. ಕಪ್ಪಾಗುವುದು ಮಲ; ಹೀರದೆ ಉಳಿದ ಕಬ್ಬಿಣದ ಬಣ್ಣವದು, ಹೆದರಬೇಕಿಲ್ಲ. ಹೊಟ್ಟೆ ತೊಳಸುವವರು ರಾತ್ರಿ ಊಟವಾದ ಮೇಲೆ ಮಲಗುವ ಮುಂಚೆ ತೆಗೆದುಕೊಂಡರೆ ಸಂಕಟ ಕಡಿಮೆ. ಕಾಫಿ, ಚಹಾ, ಹಾಲಿನ ಜೊತೆ ಬೇಡ. ಅವು ಕಬ್ಬಿಣವನ್ನು ಹೀರಗೊಡುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯನ್ನೂ ಬೇರೆ ಹೊತ್ತಿಗೆ ಇಟ್ಟುಕೊಳ್ಳಬೇಕು. ನಿಂಬೆಹಣ್ಣಿನ ಪಾನಕವೋ ನೆಲ್ಲಿಕಾಯಿಯೋ ಜೊತೆಗಿದ್ದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಶಾಲೆಗೆ ಹೋಗುವ ಹದಿಹರೆಯದ ಮಕ್ಕಳಿಗೆ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯೂ ಇದೇ ಬಗೆಯದು. ಮಗಳು ಅದನ್ನು ಶಾಲೆಯ ಕಿಟಕಿಯಿಂದ ಹೊರಗೆ ಎಸೆಯುತ್ತಾಳೋ ನುಂಗುತ್ತಾಳೋ ಎಂದು ತಾಯಿಯಾದವಳು ಒಮ್ಮೆ ಕೇಳುವುದು ಒಳ್ಳೆಯದು. ತಲಸೀಮಿಯಾದಂಥ ರಕ್ತದ ಕಾಯಿಲೆ ಇರುವ ಮನೆಯವರು ಮಾತ್ರ ವೈದ್ಯರನ್ನು ಕೇಳದೆ ಕಬ್ಬಿಣ ತೆಗೆದುಕೊಳ್ಳಕೂಡದು.

ಫೋಲಿಕ್ ಆಮ್ಲದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮಗುವಿನ ಮೆದುಳು, ಬೆನ್ನುಹುರಿಯಾಗುವ ನಾಳ ಗರ್ಭ ನಿಂತ 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಆಗ ತಾನು ಬಸುರಿ ಎಂಬುದೇ ಎಷ್ಟೋ ಹೆಣ್ಣುಮಕ್ಕಳಿಗೆ ತಿಳಿದಿರುವುದಿಲ್ಲ. ಆ ನಾಳ ಸರಿಯಾಗಿ ಮುಚ್ಚದಿದ್ದರೆ ಮಗು ಬೆನ್ನುಹುರಿಯ ದೋಷದಿಂದ ಹುಟ್ಟುತ್ತದೆ, ಇಲ್ಲವೇ ಬದುಕುವುದೇ ಇಲ್ಲ. ಒಮ್ಮೆ ಇಂಥ ಮಗುವಾಗಿದ್ದ ತಾಯಂದಿರಿಗೆ ಗರ್ಭ ನಿಲ್ಲುವ ಮುಂಚಿನಿಂದಲೇ ಫೋಲಿಕ್ ಆಮ್ಲ ಕೊಟ್ಟಾಗ ದೋಷ ಮರುಕಳಿಸುವುದು ಶೇಕಡಾ 72ರಷ್ಟು ತಪ್ಪಿತೆಂದು 1991ರಲ್ಲಿ ಏಳು ದೇಶಗಳ ಪರೀಕ್ಷೆ ತೋರಿಸಿತು. ಆದ್ದರಿಂದ ಮಗುವನ್ನು ಬಯಸುವ ಹೆಣ್ಣು ಗರ್ಭ ನಿಲ್ಲುವ ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಶುರುಮಾಡಿ, ಮೊದಲ ಮೂರು ತಿಂಗಳು ಮುಂದುವರಿಸಬೇಕು. (ಹಿಂದೆ ಇಂಥ ಮಗುವಾದವರಿಗೆ ಇದಕ್ಕಿಂತ ಬಹಳ ಹೆಚ್ಚು ಬೇಕು, ವೈದ್ಯರು ಬರೆದುಕೊಡುತ್ತಾರೆ.) ಮೂರು ತಿಂಗಳಾದ ಮೇಲೆ ಶುರುಮಾಡಿದರೆ ಆ ನಾಳದ ಮಟ್ಟಿಗೆ ತಡವಾಯಿತು. ವಿವಾಹಪೂರ್ವ ತರಬೇತಿಗೆ ಬರುವ ಯುವಕ ಯುವತಿಯರಿಗೆ ನಾವು ಎಷ್ಟೆಲ್ಲ ಹೇಳುತ್ತೇವೆ. ಈ ಒಂದು ಮಾತನ್ನೂ ಹೇಳಬೇಕು.

ಬಸುರಿಯರಿಗೇ ಇನ್ನೊಂದು ಎಚ್ಚರಿಕೆ: ವಿಟಮಿನ್ ಎ ದೊಡ್ಡ ಪ್ರಮಾಣದಲ್ಲಿ ಹೊಟ್ಟೆಯ ಮಗುವಿಗೆ ಅಂಗದೋಷ ತರಬಲ್ಲದು. ಅತ್ತೆಯ ಡಬ್ಬಿಯ ಮಾತ್ರೆಯನ್ನೂ ಮೀನಿನ ಲಿವರ್ ಎಣ್ಣೆಯ ಗುಳಿಗೆಯನ್ನೂ ಸೊಸೆಗೆ ಪ್ರೀತಿಯಿಂದ ದಾಟಿಸಬೇಡಿ. ಅದೇ ವಿಟಮಿನ್ ಎ, ಒಂಬತ್ತು ತಿಂಗಳಿನಿಂದ ಐದು ವರ್ಷದ ತನಕ ಆರು ತಿಂಗಳಿಗೊಮ್ಮೆ ಆರೋಗ್ಯ ಕೇಂದ್ರದಲ್ಲಿ ಚಮಚದಲ್ಲಿ ಕುಡಿಸಿದಾಗ ಮಕ್ಕಳನ್ನು ಇರುಳುಗುರುಡಿನಿಂದ ಕಾಪಾಡುತ್ತದೆ. ಅದನ್ನು ತಪ್ಪಿಸಬೇಡಿ.

ಹಿರಿಯರ ಪೈಕಿ ನಿಜವಾಗಿ ಗಮನಿಸಬೇಕಾದದ್ದು ಬಿ12. ಸೊಪ್ಪು ತರಕಾರಿಗಳಲ್ಲಿ ಇದು ಇಲ್ಲ. ಹಾಲು, ಮೊಟ್ಟೆ, ಮೀನು, ಮಾಂಸದಲ್ಲಿ ಇದೆ. ಅಪ್ಪಟ ಸಸ್ಯಾಹಾರಿಗಳು, ವಯಸ್ಸಾದವರು, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರು, ಎದೆಯುರಿಗೆ ದಿನವೂ ಗುಳಿಗೆ ತೆಗೆದುಕೊಳ್ಳುವವರು ಇವರಲ್ಲಿ ಕೊರತೆ ಸಾಮಾನ್ಯ. ಅಂಗಾಲು ಜೋಮು, ನಡಿಗೆಯಲ್ಲಿ ತಡವರಿಕೆ, ಮರೆವು ಕಂಡರೆ ವಯಸ್ಸಾಯಿತು ಎಂದು ಸುಮ್ಮನಾಗದೆ ರಕ್ತಪರೀಕ್ಷೆ ಮಾಡಿಸಿ. ಬಿ12 ಕೊರತೆ ಇರುವವರು ಅದನ್ನು ಬಿಟ್ಟು ಬರೀ ಫೋಲಿಕ್ ಆಮ್ಲ ನುಂಗಿದರೆ ರಕ್ತ ಸರಿಯಾದಂತೆ ಕಾಣುತ್ತದೆ, ನರಗಳು ಮಾತ್ರ ಹಾಳಾಗುತ್ತಲೇ ಹೋಗುತ್ತವೆ.

ಡಿ ಯ ಮಾತು ಚಿಕ್ಕದು. ಬಿಸಿಲು ಕಾಣದೆ ಒಳಗೇ ಇರುವವರಿಗೆ, ಮೂಳೆ ಸವೆದವರಿಗೆ ವೈದ್ಯರು ಕೊಟ್ಟರೆ ಸರಿ. ಸುಮ್ಮನೆ ಎಲ್ಲರಿಗೂ ಕೊಟ್ಟರೆ ಕ್ಯಾನ್ಸರ್, ಹೃದ್ರೋಗ, ಮೂಳೆಮುರಿತ ಯಾವುದೂ ಕಡಿಮೆಯಾಗದೆಂದು 25,871 ಅಮೆರಿಕನ್ನರ ಪರೀಕ್ಷೆಯಲ್ಲಿ ತಿಳಿದಿದೆ. ನಮ್ಮಲ್ಲಿ ಕೊಡುವ 60,000 ಯೂನಿಟ್ಟಿನ ಪುಡಿ ಅಥವಾ ಗುಳಿಗೆ ಸಾಮಾನ್ಯವಾಗಿ ವಾರಕ್ಕೊಂದು, ಅದೂ ಕೆಲವೇ ವಾರ. ಚೀಟಿ ಸರಿಯಾಗಿ ಓದದೆ ದಿನಕ್ಕೊಂದರಂತೆ ನುಂಗಿ, ರಕ್ತದಲ್ಲಿ ಸುಣ್ಣ ಏರಿ, ವಾಂತಿಯಾಗಿ, ಮೂತ್ರಪಿಂಡ ಕೆಟ್ಟು ಆಸ್ಪತ್ರೆ ಸೇರಿದವರಿದ್ದಾರೆ. ಮನೆಯ ಹಿರಿಯರ ಚೀಟಿಯನ್ನು ಓದು ಬಲ್ಲ ಮೊಮ್ಮಕ್ಕಳು ಒಮ್ಮೆ ನೋಡಿಕೊಡಲಿ.

ಲೆಕ್ಕವನ್ನೂ ಹಾಕೋಣ. ಒಂದು ಮಾತ್ರೆಗೆ ಹತ್ತು ರೂಪಾಯಿ ಎಂದಿಟ್ಟುಕೊಳ್ಳಿ. ಗಂಡ ಹೆಂಡತಿ ಇಬ್ಬರಿಗೆ ವರ್ಷಕ್ಕೆ 7,300 ರೂಪಾಯಿ. ಅದೇ ದುಡ್ಡಿಗೆ ಮನೆಗೆಷ್ಟು ಮೊಟ್ಟೆ, ರಾಗಿ, ಹೆಸರುಕಾಳು, ಬಂಗುಡೆ ಬಂದೀತು ಎಂಬುದನ್ನು ಅಡುಗೆ ಮಾಡುವವರೇ ಹೇಳಲಿ. ನುಗ್ಗೆಸೊಪ್ಪಂತೂ ಬೇಲಿಯಲ್ಲೇ ಇದೆ. ಇಂಥ ಡಬ್ಬಿಗಳ ಮೇಲೆ 'ಹೆಲ್ತ್ ಸಪ್ಲಿಮೆಂಟ್', 'ನಾಟ್ ಫಾರ್ ಮೆಡಿಸಿನಲ್ ಯೂಸ್' ಎಂದು ಮುದ್ರಿಸಬೇಕೆಂಬ ನಿಯಮ ನಮ್ಮ ದೇಶದಲ್ಲಿದೆ. ಇದು ಔಷಧಿಯಲ್ಲವೆಂದು ಮಾರುವವರೇ ಒಪ್ಪಿಕೊಂಡಂತಾಯಿತು. ಮಂಡಿನೋವು, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಎಲ್ಲವನ್ನೂ ಗುಣಪಡಿಸುತ್ತದೆಂದು ಪರಿಚಯದವರೇ ಮನೆಗೆ ಬಂದು ಮಾರುವಾಗ ಆ ಅಕ್ಷರಗಳನ್ನು ಅವರ ಎದುರಿಗೇ ಗಟ್ಟಿಯಾಗಿ ಓದಿ.

ಈಗಾಗಲೇ ಏನಾದರೂ ತೆಗೆದುಕೊಳ್ಳುತ್ತಿದ್ದರೆ, ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಡಬ್ಬಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಿಗೆ ವಿಟಮಿನ್ ಕೆ ಇರುವ ಮಾತ್ರೆ ತೊಡಕಾಗುತ್ತದೆ. ಕೂದಲಿಗೆಂದು ನುಂಗುವ ಬಯೋಟಿನ್ ಥೈರಾಯ್ಡ್ ಪರೀಕ್ಷೆಯ, ಹೃದಯಾಘಾತದ ರಕ್ತಪರೀಕ್ಷೆಯ ಫಲಿತಾಂಶವನ್ನೇ ತಪ್ಪಾಗಿಸಬಲ್ಲದು.

ಮನೆಯಲ್ಲಿರುವ ಮಾತ್ರೆಗಳನ್ನು, ಅದರಲ್ಲೂ ಕಬ್ಬಿಣದ ಮಾತ್ರೆಯನ್ನು, ಚಿಕ್ಕಮಕ್ಕಳ ಕೈಗೆ ಎಟುಕದಂತೆ ಇಡಿ. ಬಣ್ಣದ ಸಿಹಿಲೇಪದ ಮಾತ್ರೆ ಮಗುವಿನ ಕಣ್ಣಿಗೆ ಪೆಪ್ಪರಮಿಂಟೇ ಸರಿ. ದೊಡ್ಡವರಿಗೆ ರಕ್ತ ತುಂಬುವ ಅದೇ ಕಬ್ಬಿಣ ಒಂದು ಹಿಡಿಯಷ್ಟು ಹೊಟ್ಟೆಗೆ ಹೋದರೆ ಎರಡು ವರ್ಷದ ಮಗುವಿನ ಪ್ರಾಣಕ್ಕೆ ಸಂಚಕಾರ. ನುಂಗಿರಬಹುದೆಂಬ ಅನುಮಾನ ಬಂದರೂ ಸಾಕು, ವಾಂತಿ ಬರಲೆಂದು ಕಾಯದೆ, ಖಾಲಿ ಪಟ್ಟಿಯನ್ನು ಕೈಯಲ್ಲಿ ಹಿಡಿದು ನೇರವಾಗಿ ಆಸ್ಪತ್ರೆಗೆ ಹೋಗಿ.